ಹಿನ್ನೋಟಪ್ಪ ಹಿಂದೆ ನೋಡಿದ್ದು

ಹಿನ್ನೋಟಪ್ಪ ಇಪ್ಪತ್ತಾರು ವರ್ಷ ರೈಲ್ವೆಯಲ್ಲಿ ದುಡಿದ. ಕೊನೆಯ ಒಂದು ತಿಂಗಳು ಬಿಟ್ಟರೆ ಅಷ್ಟು ವರ್ಷಗಳಲ್ಲಿ ತಾನು ಹೋಗಿ ಸೇರಬೇಕಾದ ನಿಲ್ದಾಣ ಎದುರಿಗೆ ಬರುವುದನ್ನು ಒಂದು ದಿನವೂ ನೋಡಲಿಲ್ಲ. ಬಿಟ್ಟು ಬಂದ ನಿಲ್ದಾಣ ಚಿಕ್ಕದಾಗುತ್ತ ಹೋಗುವುದನ್ನು ಮಾತ್ರ ನೋಡಿದ. ಅದಕ್ಕೇ ಸಂಬಳ ಕೊಡುತ್ತಿದ್ದರು.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಯಾರಿಗೂ ನೆನಪಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹುದ್ದೆಯನ್ನು ‘ಟ್ರಾಲಿ ಒತ್ತುವವ, ಹಿನ್ನೋಟ’ ಎಂದು ಬರೆದಿತ್ತು. ಅವನ ಜೋಡಿಯದು ‘ಟ್ರಾಲಿ ಒತ್ತುವವ, ಮುನ್ನೋಟ’. ಜೋಡಿಯೆಂದರೆ ಬೇರೆ ಯಾರೋ ಅಲ್ಲ, ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಇಬ್ಬರಿಗೂ ಒಂದೇ ಮನೆಯ ಹೆಣ್ಣು, ಒಂದೇ ಟ್ರಾಲಿಯ ಕೆಲಸ, ಒಂದೇ ಗೋಡೆ ಹಂಚಿಕೊಂಡ ಎರಡು ಕ್ವಾರ್ಟರ್ಸು. ಹೀಗಿರುವಾಗ ಹೆಸರನ್ನಾದರೂ ಬೇರೆ ಮಾಡೋಣವೆಂದು ಶೆಡ್ಡಿನವರು ಚಿಕ್ಕವನಿಗೆ ಹಿನ್ನೋಟಪ್ಪ ಎಂದು ಅಂಟಿಸಿದರು. ಅದು ಅಂಟಿಕೊಂಡಿತು. ದೊಡ್ಡವನಿಗೆ ಯಾರೂ ಏನೂ ಅಂಟಿಸಲಿಲ್ಲ, ಅವನು ಸಿಡುಕ.

ಟ್ರಾಲಿ ಎಂದರೆ ಮೋಟಾರಿನ ಗಾಡಿಯಲ್ಲ. ಕಾಗದಪತ್ರದಲ್ಲಿ ಅದಕ್ಕೆ ‘ಹಳಿ ತಪಾಸಣಾ ಕೈಗಾಡಿ’ ಎಂಬ ಉದ್ದನೆಯ ಹೆಸರಿದ್ದರೂ ಅದರ ಒಳಗುಟ್ಟು ಬಹಳ ಸರಳ. ನಾಲ್ಕು ಕಬ್ಬಿಣದ ಚಕ್ರ, ಮೇಲೊಂದು ಹಲಗೆ, ಹಲಗೆಯ ನಟ್ಟನಡುವೆ ಸೊಂಟದೆತ್ತರದ ಕಂಬ. ಮಕ್ಕಳು ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತು ಏರಿಳಿಯುವ ಹಲಗೆಯಂತೆ ಕಂಬದ ನೆತ್ತಿಯ ಮೇಲೆ ಒಂದು ಸನ್ನೆಗೋಲು, ಅದರ ಎರಡೂ ತುದಿಗೆ ಅಡ್ಡ ಹಿಡಿ. ಈ ಹಿಡಿಯನ್ನು ಒಬ್ಬ ಒತ್ತಿದರೆ ಆ ಹಿಡಿ ಏಳುತ್ತದೆ, ಆ ಹಿಡಿಯನ್ನು ಇನ್ನೊಬ್ಬ ಒತ್ತಿದರೆ ಇದು ಏಳುತ್ತದೆ. ಸನ್ನೆಗೋಲಿಗೆ ಸಿಕ್ಕಿಸಿದ ಸರಳು ಹಲಗೆಯಡಿ ಮೊಣಕೈಯಂತೆ ಬಾಗಿದ ಕ್ರ್ಯಾಂಕನ್ನು ತಿರುಗಿಸುತ್ತದೆ, ಕ್ರ್ಯಾಂಕು ದೊಡ್ಡ ಹಲ್ಲುಚಕ್ರವನ್ನು, ದೊಡ್ಡದು ಚಿಕ್ಕದನ್ನು, ಚಿಕ್ಕದು ಅಚ್ಚನ್ನು. ಗಾಡಿ ಓಡುತ್ತದೆ. ಸರಳೂ ಕ್ರ್ಯಾಂಕೂ ಒಂದೇ ಗೆರೆಯಲ್ಲಿ ಬಂದು ನಿಂತುಬಿಟ್ಟರೆ ಮಾತ್ರ ಎಷ್ಟು ಒತ್ತಿದರೂ ಚಕ್ರ ಅಲ್ಲಾಡುವುದಿಲ್ಲ. ಇದಕ್ಕೆ ಷಡ್ಡಕರಿಬ್ಬರೂ ‘ಮುನಿಸು’ ಎನ್ನುತ್ತಿದ್ದರು. ಟ್ರಾಲಿ ಮುನಿಸಿಕೊಂಡರೆ ಒಬ್ಬ ಇಳಿದು ನಾಲ್ಕು ಹೆಜ್ಜೆ ತಳ್ಳಿ ಸಮಾಧಾನ ಮಾಡಬೇಕು.

ಎಲ್ಲಕ್ಕಿಂತ ಮುಂದೆ, ತುದಿಯಲ್ಲಿ, ಸಾಹೇಬರ ಬೆಂಚು. ಟ್ರಾಲಿಯಲ್ಲಿ ಯಾವ ಕೆಲಸವನ್ನೂ ಮಾಡದ ಭಾಗ ಅದೊಂದೇ, ಆದ್ದರಿಂದ ಅದಕ್ಕೆ ಮಾತ್ರ ಮೆತ್ತೆ ಇತ್ತು. ಹಿಂತಿರುಗುವಾಗಲೂ ಸಾಹೇಬರು ಮುಂದೆಯೇ ಕೂರಬೇಕಲ್ಲ, ಅದಕ್ಕೆ ಆಚೆ ನಿಲ್ದಾಣದಲ್ಲಿ ಇಡೀ ಟ್ರಾಲಿಯನ್ನು ಎತ್ತಿ ತಿರುಗಿಸಿ ಹಳಿಗೆ ಇಡುತ್ತಿದ್ದರು.

ಹಿಂದಿನ ಹಿಡಿ ಹಿಡಿದವನ ಮುಖ ಮುಂದಕ್ಕೆ, ಮುಂದಿನ ಹಿಡಿ ಹಿಡಿದವನ ಮುಖ ಹಿಂದಕ್ಕೆ. ಸನ್ನೆಗೋಲು ಇರುವುದೇ ಹಾಗೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಕೆಲಸಕ್ಕೆ ಸೇರಿದ ದಿನ ಯಾರು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಬಂತು. ಷಡ್ಡಕ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದ.

“ನಾನು ದೊಡ್ಡಳಿಯ. ಮುಂದೆ ನೋಡೋನು ನಾನೇ.”

“ಆಗಲಿ ಅಣ್ಣ,” ಅಂದ ಹಿನ್ನೋಟಪ್ಪ.

ಆ ಒಂದು ‘ಆಗಲಿ’ಗೆ ಅವನ ಹೆಂಡತಿ ಇಪ್ಪತ್ತಾರು ವರ್ಷ ತೆರಿಗೆ ಕಟ್ಟಿದಳು. ಗೋಡೆಯಾಚೆಯಿಂದ ಅವಳಕ್ಕ ಬಟ್ಟೆ ಒಗೆಯುತ್ತ ಕೇಳುವಂತೆ ಹೇಳುತ್ತಿದ್ದಳು: “ನಮ್ಮನೆಯವರ ಕಣ್ಣೇನಿದ್ರೂ ಮುಂದಕ್ಕೇ.”

“ನಮ್ಮನೆಯವರು ನೋಡ್ದಿದ್ರೆ ನಿಮ್ಮನೆಯವರ ಬೆನ್ನ ಹಿಂದೆ ಏನ್ ಬರ್ತಿದೆ ಅಂತ ಯಾರಿಗಕ್ಕ ಗೊತ್ತಾಗೋದು?”

“ಏನ್ ಬರುತ್ತೆ? ಧೂಳು.”

ಆದರೆ ಬರುತ್ತಿದ್ದದ್ದು ಧೂಳೊಂದೇ ಅಲ್ಲ. ಹೊತ್ತಿಗೆ ಮುಂಚೆ ಬಿಟ್ಟ ಸರಕುಗಾಡಿ, ಯಾರಿಗೂ ಹೇಳದೆ ಹೊರಟ ಖಾಲಿ ಇಂಜಿನು, ಇಂಥವೂ ಬರುತ್ತಿದ್ದವು. ಹಿನ್ನೋಟಪ್ಪ ಷಡ್ಡಕನ ಭುಜದ ಮೇಲಿಂದ ಹಳಿಯ ಕೊನೆಯನ್ನೇ ನೋಡುತ್ತ ಒತ್ತುತ್ತಿದ್ದ. ಕಂಡರೆ ಒಂದೇ ಮಾತು: “ಇದೆ.” ಏನಿದೆ, ಎಷ್ಟು ದೂರ ಇದೆ ಎಂದು ಷಡ್ಡಕ ಒಮ್ಮೆಯೂ ಕೇಳಿದವನಲ್ಲ, ತಿರುಗಿಯೂ ನೋಡಿದವನಲ್ಲ. ಅವನ ಕಾಲು ಬ್ರೇಕಿನ ಮೇಲೆ ಬೀಳುತ್ತಿತ್ತು. ಎಲ್ಲರೂ ಹಾರಿ ಇಳಿದು ಟ್ರಾಲಿಯನ್ನು ಎತ್ತಿ ಪಕ್ಕಕ್ಕೆ ಇಡುತ್ತಿದ್ದರು. ಎಲ್ಲರೂ ಎಂದರೆ ಸಾಹೇಬರನ್ನು ಬಿಟ್ಟು. ಸಾಹೇಬರು ‘ಎತ್ತಿ’ ಎನ್ನುತ್ತಿದ್ದರು. ಹೀಗೆ ಹನ್ನೊಂದು ಸಲ ಆಗಿತ್ತು. ಒಂದು ಸಲ ಡಿಕ್ಕಿಯಾಗಿದ್ದರೂ ದಪ್ಪನೆಯ ಕಡತ ಹುಟ್ಟುತ್ತಿತ್ತು. ಆಗದೆ ಹೋದದ್ದನ್ನು ಬರೆದಿಡಲು ಕಚೇರಿಯಲ್ಲಿ ಪುಸ್ತಕವೇ ಇರಲಿಲ್ಲ.

ಹೀಗೆ ನಡೆದಿರುವಾಗ ಹೊಸ ಸಾಹೇಬರು ಬಂದರು. ಹಳಬರಿಗೆ ಹಳಿಯ ಚಿಂತೆ ಇತ್ತು, ಇವರಿಗೆ ಪದಗಳ ಚಿಂತೆ. ಬಂದ ವಾರವೇ ಶೆಡ್ಡಿನ ಗೋಡೆಗೆ ಸುಣ್ಣ ಹೊಡೆಸಿ ಆಳುದ್ದದ ಅಕ್ಷರದಲ್ಲಿ ‘ಮುನ್ನೋಟವೇ ನಮ್ಮ ಮಂತ್ರ’ ಎಂದು ಬರೆಸಿದರು. ಸೋರುವ ಮಾಡಿನ ಕೆಳಗೇ ಬರೆಸಿದ್ದರಿಂದ ಹದಿನೈದು ದಿನದಲ್ಲಿ ‘ಮು’ ಅಳಿಸಿಹೋಯಿತು. ಮೊದಲ ಭಾಷಣದಲ್ಲಿ ಮುನ್ನೋಟ ಎಂಬ ಪದ ಎಷ್ಟು ಸಲ ಬಂತೆಂದರೆ, ಷಡ್ಡಕ ತನ್ನ ಹುದ್ದೆಯನ್ನೇ ಹೊಗಳುತ್ತಿದ್ದಾರೆಂದುಕೊಂಡು ನಾಚಿ ತಲೆ ತಗ್ಗಿಸಿ ನಿಂತಿದ್ದ.

ಮರುದಿನ ಸಾಹೇಬರು ಟ್ರಾಲಿ ಹತ್ತಿದರು. ಒಂದು ಮೈಲಿ ಹೋಗಿರಬಹುದು, ಏನನ್ನೋ ಕೇಳಲು ಬೆಂಚಿನಲ್ಲಿ ಹಿಂದಕ್ಕೆ ತಿರುಗಿದರು. ಅವರ ಮೂಗಿಗೆ ಒಂದು ಗೇಣು ದೂರದಲ್ಲಿ ಹಿನ್ನೋಟಪ್ಪನ ಚಡ್ಡಿಯ ತೇಪೆ ಏರುತ್ತ ಇಳಿಯುತ್ತ ಇತ್ತು.

“ಏಯ್, ಯಾರದು? ನನಗೇ ಬೆನ್ನು ಹಾಕಿ ನಿಂತಿದ್ದೀಯಲ್ಲ!”

“ಮುಂದಿನ ಹಿಡಿ ಹಿಡಿದೋನು ಹಿಂದಕ್ಕೇ ನಿಲ್ಬೇಕು ಸಾರ್. ನಾನು ಹಿನ್ನೋಟ ಸಾರ್.”

ಸಾಹೇಬರ ಮುಖ ಕಪ್ಪಿಟ್ಟಿತು. ತಮ್ಮ ಆಡಳಿತದಲ್ಲಿ, ತಮ್ಮ ಬೆಂಚಿನ ಬೆನ್ನಿಗೇ, ಸರ್ಕಾರದ ಸಂಬಳ ತಿಂದುಕೊಂಡು ಒಂದು ಹಿನ್ನೋಟ ಬದುಕಿದೆಯಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಮೂರೇ ದಿನದಲ್ಲಿ ಆದೇಶ ಹೊರಬಿತ್ತು. ‘ಇನ್ನು ಮುಂದೆ ಟ್ರಾಲಿಯ ಮೇಲಿನ ಸಮಸ್ತ ಸಿಬ್ಬಂದಿಯೂ ಮುಂದಕ್ಕೇ ಮುಖ ಮಾಡಿ ಕರ್ತವ್ಯ ನಿರ್ವಹಿಸತಕ್ಕದ್ದು. ಹಿಂದೆ ನೋಡುವ ಪ್ರವೃತ್ತಿಯನ್ನು ಅಶಿಸ್ತೆಂದು ಪರಿಗಣಿಸಲಾಗುವುದು.’

ಮೊದಲ ದಿನ ಹಿನ್ನೋಟಪ್ಪ ತನ್ನ ಜಾಗದಲ್ಲೇ ಮುಂದಕ್ಕೆ ಮುಖ ಮಾಡಿ ನಿಂತು, ಕೈಗಳನ್ನು ಬೆನ್ನ ಹಿಂದಕ್ಕೆ ಚಾಚಿ ಹಿಡಿ ಹಿಡಿದುಕೊಂಡ. ಮೂರನೆಯ ಒತ್ತಿಗೆ ಹಿಡಿ ಸೊಂಟಕ್ಕೆ ಬಡಿದು ಅವನು ಸಾಹೇಬರ ಮೆತ್ತೆಯ ಮೇಲೆ ಬಿದ್ದ. ಅದೃಷ್ಟಕ್ಕೆ ಸಾಹೇಬರು ಅದರ ಮೇಲೆ ಇರಲಿಲ್ಲ. ‘ತರಬೇತಿ ಸಾಲದು’ ಎಂದು ವರದಿ ಹೋಯಿತು. ಎರಡನೆಯ ದಿನದಿಂದ ಇಬ್ಬರನ್ನೂ ಹಿಂದಿನ ಹಿಡಿಗೇ ಅಕ್ಕಪಕ್ಕ ನಿಲ್ಲಿಸಿದರು.

ಹಿಡಿ ಒತ್ತುವುದು ಸುಲಭ, ಮೈಭಾರ ಹಾಕಿದರೆ ಆಯಿತು. ಎತ್ತುವುದೇ ಕಷ್ಟ, ಅದು ತೋಳನ್ನು ತಿನ್ನುತ್ತದೆ. ಎದುರುಬದುರು ನಿಂತಿದ್ದಾಗ ಇವನ ಎತ್ತುವಿಕೆಯನ್ನು ಅವನ ಮೈಭಾರ ನೋಡಿಕೊಳ್ಳುತ್ತಿತ್ತು, ಅವನದನ್ನು ಇವನದು. ಈಗ ಇಬ್ಬರೂ ಒಟ್ಟಿಗೆ ಒತ್ತಿ, ಇಬ್ಬರೂ ಒಟ್ಟಿಗೆ ಎತ್ತಿ, ಇಬ್ಬರೂ ಒಟ್ಟಿಗೆ ಏದುಸಿರು ಬಿಡುತ್ತಿದ್ದರು. ಸ್ವಲ್ಪ ಏರು ಸಿಕ್ಕರೂ ಟ್ರಾಲಿ ಮುನಿಸಿಕೊಳ್ಳುತ್ತಿತ್ತು. ಕಚೇರಿ ಇದಕ್ಕೆ ‘ಸಿಬ್ಬಂದಿಯ ಅಸಹಕಾರ’ ಎಂದು ಕಾರಣ ಬರೆಯಿತು.

ಹಿನ್ನೋಟಪ್ಪನಿಗೆ ತೋಳಿನ ನೋವಿಗಿಂತ ಕುತ್ತಿಗೆಯದೇ ಕಾಟ. ಇಪ್ಪತ್ತಾರು ವರ್ಷ ಹಳಿಯ ಕೊನೆಯಲ್ಲಿ ಕಣ್ಣು ನೆಟ್ಟವನಿಗೆ ಬೆನ್ನು ಬರಿದಾದಂತೆ ಅನ್ನಿಸುತ್ತಿತ್ತು. ಗಳಿಗೆಗೊಮ್ಮೆ ಕುತ್ತಿಗೆ ತಾನಾಗಿ ತಿರುಗುತ್ತಿತ್ತು. ಒಂದು ದಿನ ಸಾಹೇಬರು ಕಂಡುಬಿಟ್ಟರು. ‘ಇನ್ನೊಮ್ಮೆ ಹಿಂದೆ ನೋಡಿದ್ದು ಕಂಡುಬಂದಲ್ಲಿ ಕೆಲಸದಿಂದ ವಜಾ ಮಾಡಿ ಕ್ವಾರ್ಟರ್ಸ್ ತೆರವು ಮಾಡಿಸಲಾಗುವುದು’ ಎಂಬ ಕಾಗದ ಕೈಗೆ ಬಂತು. ಹೆಂಡತಿ ಅದನ್ನು ಓದಿ ಗೋಡೆಯಾಚೆಗೆ ಕೇಳದಂತೆ ಅತ್ತಳು.

“ರೀ, ಅಷ್ಟೊಂದು ಕಷ್ಟಾನಾ ನೆಟ್ಟಗೆ ನೋಡೋದು? ಊರೋರೆಲ್ಲ ನೋಡಲ್ವಾ?”

“ಊರೋರ ಹಿಂದೆ ಇಂಜಿನ್ ಬರಲ್ಲ ಕಣೇ.”

ಕುತ್ತಿಗೆಯನ್ನು ಕಾಯಲು ಕಚೇರಿ ಒಬ್ಬ ಗುಮಾಸ್ತನನ್ನು ನೇಮಿಸಿತು. ಪಾಪದ ಮನುಷ್ಯ, ಕನ್ನಡಕದವನು. ಸಾಹೇಬರ ಬೆಂಚಿನ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಸಿ, ಅವನನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿದರು. ಸಿಬ್ಬಂದಿ ಹಿಂದೆ ನೋಡುತ್ತಾರೋ ಇಲ್ಲವೋ ಎಂದು ನೋಡಬೇಕಾದರೆ ಯಾರಾದರೊಬ್ಬರು ಹಿಂದೆ ನೋಡಲೇಬೇಕಲ್ಲ. ಹೀಗೆ ಟ್ರಾಲಿಯ ಮೇಲೆ ಮತ್ತೆ ಒಂದು ಹಿನ್ನೋಟ ಬಂತು, ಆದರೆ ಇದಕ್ಕೆ ನೋಡಲು ಅಪ್ಪಣೆ ಇದ್ದದ್ದು ಎರಡು ಕುತ್ತಿಗೆಗಳವರೆಗೆ ಮಾತ್ರ. ಅದರಾಚೆಗೆ ನೋಡಲು ಅವನಿಗೆ ಆದೇಶವಿರಲಿಲ್ಲ. ನೋಡಿದರೂ ಏರಿಳಿಯುವ ಎರಡು ಎದೆಗಳು ಅಡ್ಡ ಇದ್ದವು.

ಮುನ್ನೋಟದ ಈ ಒಂದು ತಿಂಗಳ ಪ್ರಯೋಗ ಮುಗಿಯುವ ದಿನ ಸಾಹೇಬರು ಶೆಡ್ಡಿನ ಮುಂದೆ ಭಾಷಣ ಮಾಡಿದರು. ಒಂಬತ್ತಕ್ಕೆ ಹೊರಡಬೇಕಾದ ಟ್ರಾಲಿ ಹತ್ತಾದರೂ ನಿಂತೇ ಇತ್ತು. ಸ್ಟೇಷನ್ ಮಾಸ್ಟರು ಗಡಿಯಾರ ನೋಡುತ್ತ ಬಂದರು.

“ಸಾರ್, ಹತ್ತೂವರೆಯೊಳಗೆ ಆಚೆ ಸ್ಟೇಷನ್ ಸೇರ್ಕೋಬೇಕು. ಆಮೇಲೆ ಇಲ್ಲಿಂದ ಸರಕುಗಾಡಿ ಬಿಡ್ತೀವಿ. ಇವತ್ತು ಟ್ರಾಲಿ ಬೇಡ ಸಾರ್.”

“ಮುಂದಿನ ಸ್ಟೇಷನ್ ಬಗ್ಗೆ ಯೋಚನೆ ಮಾಡ್ರೀ. ಹಿಂದಿನ ಸ್ಟೇಷನ್ ಬಗ್ಗೆ ಯೋಚನೆ ಮಾಡೋ ಕಾಲ ಹೋಯ್ತು,” ಅಂದರು ಸಾಹೇಬರು. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು.

ಸಾಹೇಬರನ್ನೂ ಗುಮಾಸ್ತನನ್ನೂ ಹೊತ್ತು ಟ್ರಾಲಿ ಹೊರಟಿತು. ದಾರಿಯಲ್ಲಿ ಒಂದು ದಿಬ್ಬವನ್ನು ಕಡಿದು ಹಳಿ ಹಾಕಿದ ಇಕ್ಕಟ್ಟಿತ್ತು. ಎರಡೂ ಕಡೆ ಆಳೆತ್ತರಕ್ಕಿಂತ ಹೆಚ್ಚಿನ ಕಲ್ಲುಗೋಡೆ, ನಡುವೆ ಏರು. ಟ್ರಾಲಿ ಎತ್ತಿ ಇಡಲೆಂದು ಗೋಡೆಯಲ್ಲಿ ಅಲ್ಲಲ್ಲಿ ಗೂಡು ಕೊರೆದಿದ್ದರು. ಎದುರುಗಾಳಿ ಜೋರಾಗಿತ್ತು, ಹಿಂದಿನ ಸದ್ದು ಒಂದಿಷ್ಟೂ ಕಿವಿಗೆ ಬೀಳುತ್ತಿರಲಿಲ್ಲ. ಏರಿನಲ್ಲಿ ಟ್ರಾಲಿ ಆಮೆಯಾಯಿತು. ಇಬ್ಬರ ಬೆವರೂ ಒಂದೇ ಹಿಡಿಯ ಮೇಲೆ ಸುರಿಯುತ್ತಿತ್ತು. ಸಮಯ ಹತ್ತೂವರೆ ದಾಟಿತ್ತೆಂದು ಹಿನ್ನೋಟಪ್ಪನಿಗೆ ಗೊತ್ತಿತ್ತು. ಕನ್ನಡಕದೊಳಗಿಂದ ಗುಮಾಸ್ತ ತನ್ನ ಕುತ್ತಿಗೆಯನ್ನೇ ನೋಡುತ್ತಿದ್ದಾನೆಂದೂ ಗೊತ್ತಿತ್ತು. ಕ್ವಾರ್ಟರ್ಸ್ ನೆನಪಾಯಿತು, ಹೆಂಡತಿ ನೆನಪಾದಳು. ಹಲ್ಲು ಕಚ್ಚಿ ನಾಲ್ಕು ಸಲ ಒತ್ತಿದ. ಐದನೆಯ ಸಲ ತಡೆಯಲಾಗದೆ ತಿರುಗಿದ.

“ಇದೆ!”

ಷಡ್ಡಕನ ಕಾಲು ಬ್ರೇಕಿನ ಮೇಲೆ ಬಿತ್ತು. ಅವನು ಅವತ್ತೂ ತಿರುಗಿ ನೋಡಲಿಲ್ಲ. ಸಾಹೇಬರು ನೋಡಿದರು. ನೋಡಿದವರೇ ‘ಎತ್ತಿ’ ಎನ್ನುವುದನ್ನು ಮರೆತು ತಾವೇ ಎತ್ತಿದರು. ಗುಮಾಸ್ತ ಒಂದು ಮೂಲೆ, ಸಾಹೇಬರು ಒಂದು ಮೂಲೆ, ಷಡ್ಡಕರಿಬ್ಬರು ಎರಡು ಮೂಲೆ. ಟ್ರಾಲಿಯನ್ನು ಗೂಡಿಗೆ ನೂಕಿ, ನಾಲ್ವರೂ ಗೋಡೆಗೆ ಹಲ್ಲಿಗಳಂತೆ ಅಂಟಿಕೊಂಡ ಮೇಲೆ ಸರಕುಗಾಡಿಯ ಐವತ್ತು ಚಿಲ್ಲರೆ ಡಬ್ಬಿಗಳು ಅವರ ಬೆನ್ನಿಗೆ ಬಿಸಿಗಾಳಿ ಬೀಸುತ್ತ ಹೋದವು. ಅಷ್ಟೂ ಹೊತ್ತು ಷಡ್ಡಕ ಹಿನ್ನೋಟಪ್ಪನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

ಸದ್ದು ಅಡಗಿತು. ಸಾಹೇಬರ ಒಂದು ಬೂಟು ಹಳಿಯ ಮೇಲೆ ಎರಡು ತುಂಡಾಗಿ ಬಿದ್ದಿತ್ತು. ಅವರು ಅದನ್ನು ನೋಡಿದರು, ತಮ್ಮ ಕಾಲನ್ನು ನೋಡಿಕೊಂಡರು, ಉಸಿರು ಎಳೆದುಕೊಂಡರು. ಜೀವ ಉಳಿದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಇದು:

“ಯಾರು ಹಿಂದೆ ನೋಡಿದ್ದು?”

ವಿಚಾರಣೆ ಸಾಹೇಬರ ಕೋಣೆಯಲ್ಲೇ ನಡೆಯಿತು. ನಡೆಸಿದವರೂ ಸಾಹೇಬರೇ, ಕಣ್ಣಾರೆ ಕಂಡ ಸಾಕ್ಷಿಯೂ ಅವರೇ. ಗುಮಾಸ್ತನ ಪುಸ್ತಕದಲ್ಲಿ ಹತ್ತು ಗಂಟೆ ನಲವತ್ತೊಂದು ನಿಮಿಷಕ್ಕೆ ‘ಎಡಗಡೆಯವನ ಕುತ್ತಿಗೆ ತಿರುಗಿದೆ’ ಎಂದು ದಾಖಲಾಗಿತ್ತು. ಇಂಜಿನು ಮೈಮೇಲೆ ಬರುತ್ತಿದ್ದಾಗಲೂ ಬರೆದು ಮುಗಿಸಿಯೇ ಹಾರಿದ್ದ, ಕರ್ತವ್ಯನಿಷ್ಠ. ಆದರೂ ಅವನ ಎದೆಯಲ್ಲಿ ಇನ್ನೂ ಒಂದಿಷ್ಟು ಪಸೆ ಇತ್ತು. ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಷಡ್ಡಕರ ಹತ್ತಿರ ಬಂದು ಪಿಸುಗುಟ್ಟಿದ.

“ಹೇಳಿಕೆ ನಾನೇ ಬರೆದಿದ್ದೀನಿ, ನೀವು ಸಹಿ ಹಾಕಿದ್ರೆ ಸಾಕು. ಕುತ್ತಿಗೆ ಮೇಲೆ ನೊಣ ಕೂತಿತ್ತು, ಓಡಿಸೋಕೆ ತಿರುಗಿದ್ರಿ. ರೈಲನ್ನ ಕಂಡಿದ್ದು ಸಾಹೇಬ್ರು. ಸಾಹೇಬ್ರೂ ಒಪ್ಪಿದ್ದಾರೆ. ಕೆಲಸ ಉಳಿಯುತ್ತೆ.”

“ಸಾಹೇಬ್ರು ಹೇಗೆ ಕಂಡ್ರು? ಅವರ ಮುಖ ಮುಂದಕ್ಕಿತ್ತಲ್ಲ?” ಅಂದ ಹಿನ್ನೋಟಪ್ಪ.

“ಮುನ್ನೋಟದಿಂದ,” ಅಂದ ಗುಮಾಸ್ತ. ಅವನು ನಗಲಿಲ್ಲ.

ಹಿನ್ನೋಟಪ್ಪ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಓದಿದ. ಷಡ್ಡಕ ಮೊಣಕೈಯಿಂದ ತಿವಿದ.

“ಹಾಕೋ ಸಹಿ. ನೊಣ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?”

“ನೊಣ ಅಂದ್ರೆ ಅವತ್ತು ಹಿಂದೆ ನೋಡಬೇಕಾಗೇ ಇರ್ಲಿಲ್ಲ ಅಂತ ಆಗುತ್ತೆ ಅಣ್ಣ. ನಾಳೆಯಿಂದ ಯಾರೂ ನೋಡಲ್ಲ.”

“ನೋಡ್ದಿದ್ರೆ ನಿಂಗೇನು?”

“ಟ್ರಾಲಿ ಮೇಲೆ ನೀನಿರ್ತೀಯಲ್ಲ.”

ಹಿನ್ನೋಟಪ್ಪ ನೊಣವನ್ನು ಹೊಡೆದುಹಾಕಿ ಕೆಳಗೆ ತನ್ನ ಕೈಯಲ್ಲೇ ಬರೆದ: ‘ಹಿಂದಿನಿಂದ ರೈಲು ಬರುತ್ತಿತ್ತು. ಅದಕ್ಕೆ ನೋಡಿದೆ.’ ಇಷ್ಟನ್ನು ಓದಿದರೆ ಸಾಹೇಬರು ಆದೇಶವನ್ನು ವಾಪಸು ತೆಗೆದುಕೊಳ್ಳುತ್ತಾರೆಂದು ಅವನು ನಿಜವಾಗಿಯೂ ನಂಬಿದ್ದ. ಅಷ್ಟು ವಯಸ್ಸಾಗಿದ್ದರೂ ಕಚೇರಿಯೆಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ, ಪಾಪ.

ತಪ್ಪೊಪ್ಪಿಗೆ ಸಿಕ್ಕಿತೆಂದು ಸಾಹೇಬರು ವಜಾ ಆದೇಶಕ್ಕೆ ಸಹಿ ಹಾಕಿದರು. ಮೇಲಿನ ಕಚೇರಿಗೆ ಹೋದ ವರದಿಯಲ್ಲಿ ‘ಅಧಿಕಾರಿಗಳ ಮುನ್ನೋಟದಿಂದಾಗಿ ಭಾರಿ ಅನಾಹುತ ತಪ್ಪಿದೆ’ ಎಂದಿತ್ತು. ಅವರಿಗೆ ಬಡ್ತಿ ಸಿಕ್ಕಿತು, ಹೊಸ ಬೂಟೂ ಸಿಕ್ಕಿತು. ಹಿನ್ನೋಟಪ್ಪನ ಜಾಗಕ್ಕೆ ಬಂದ ಹೊಸ ಆಳು ಬಹಳ ಶಿಸ್ತಿನವನು, ಅವನ ಕುತ್ತಿಗೆ ಯಾವತ್ತೂ ತಿರುಗಲಿಲ್ಲ. ಮುಂದಿನ ವರದಿಯಲ್ಲಿ ಇನ್ನೂ ಸೊಗಸಾದ ವಾಕ್ಯವಿತ್ತು: ‘ಸದರಿ ನೌಕರನನ್ನು ತೆಗೆದುಹಾಕಿದ ನಂತರ ಟ್ರಾಲಿಯ ಹಿಂದೆ ರೈಲು ಕಂಡುಬಂದ ಪ್ರಕರಣಗಳು ಸಂಪೂರ್ಣವಾಗಿ ನಿಂತುಹೋಗಿವೆ.’

ಕ್ವಾರ್ಟರ್ಸ್ ಖಾಲಿ ಮಾಡಲು ಎಂಟು ದಿನ ಕೊಟ್ಟಿದ್ದರು. ಎರಡನೆಯ ದಿನವೇ ಅಕ್ಕ ಬಂದು ತಂಗಿಯ ಪಾತ್ರೆಗಳನ್ನು ಒಂದೊಂದಾಗಿ ಎತ್ತಿಕೊಂಡು ಗೋಡೆಯಾಚೆಗೆ ಸಾಗಿಸಿದಳು. ಕೊನೆಗೆ ಕೊಡ ಎತ್ತಿಕೊಳ್ಳುತ್ತ ಅಂದಳು: “ಧೂಳು ಅಂದಿದ್ದೆ ಕಣೇ. ನನ್ನ ಬಾಯಿಗಿಷ್ಟು ಮಣ್ಣು ಹಾಕ.” ಎರಡು ಕೋಣೆಯಲ್ಲಿ ನಾಲ್ಕು ಜನ, ಒಂದೇ ಒಲೆ.

ಅಲ್ಲಿಗೆ ಹೋದ ಮರುದಿನ ಬೆಳಿಗ್ಗೆ ಷಡ್ಡಕ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟ. ಅವನು ಮೂಲೆ ತಿರುಗುವುದರೊಳಗೆ ಹಿನ್ನೋಟಪ್ಪನೂ ಎದ್ದು ಅಂಗಿ ಹಾಕಿಕೊಂಡ. ಪೆಟ್ಟಿಗೆಯಿಂದ ಸೀಟಿಯೊಂದನ್ನು ತೆಗೆದು ಊದಿ ನೋಡಿ ಜೇಬಿಗೆ ಹಾಕಿಕೊಂಡ. ಹೆಂಡತಿ ಒಲೆಯ ಮುಂದಿನಿಂದಲೇ ಕೇಳಿದಳು.

“ಕೆಲಸ ಹೋಯ್ತಲ್ಲರೀ, ಇನ್ನೆಲ್ಲಿಗೆ?”

“ದಿಬ್ಬದ ಮೇಲಕ್ಕೆ. ಅಲ್ಲಿ ನಿಂತ್ರೆ ಎರಡೂ ಕಡೆ ಹಳಿ ಕಾಣುತ್ತೆ.”

“ಯಾರು ಹೇಳಿದ್ರು ನಿಮಗೆ ಹೋಗೋಕೆ? ಸಂಬಳ ಕೊಡ್ತಾರಾ?”

“ಇಲ್ಲ ಕಣೇ. ಅಣ್ಣ ಹೋಗಿದ್ದಾನೆ. ಅವನ ಬೆನ್ನ ಹಿಂದೆ ಯಾರೂ ಇಲ್ಲ.”

ಒಲೆಯ ಇನ್ನೊಂದು ಪಕ್ಕದಲ್ಲಿ ಕೂತಿದ್ದ ಅಕ್ಕ ಎದ್ದು, ತನ್ನ ಗಂಡನಿಗೆ ಕಟ್ಟಿ ಉಳಿದಿದ್ದನ್ನೆಲ್ಲ ಇನ್ನೊಂದು ಡಬ್ಬಿಗೆ ತುಂಬಿದಳು. ಮುಚ್ಚಳ ಒತ್ತಿ ತಂಗಿಯ ಗಂಡನ ಕೈಗಿಟ್ಟು, “ಬೇಗ ಹೋಗಪ್ಪ, ಟ್ರಾಲಿ ಬಿಟ್ಟಿರ್ತಾರೆ,” ಅಂದಳು.